ಜಾಂಗಡ ತಂದ ಗಾಡಿ

ಬಾದಾಮಿಯ ಮಂಗಗಳಿಗೆ ಇಳಕಲ್ ಸೀರೆಯ ಬೆಲೆ ಗೊತ್ತಿಲ್ಲ. ಗೊತ್ತಿದ್ದರೆ ಹುಚ್ಚೇಶನ ಗಾಡಿಯ ಹಿಂದಿನ ಸೀಟಿನಲ್ಲಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚಿ, ಒಳಗೆ ಶೇಂಗಾ ಇಲ್ಲವೆಂದು ಸಿಟ್ಟಾಗಿ, ಒಂದು ಹಸಿರು ಸೀರೆಯನ್ನು ಬೇವಿನ ಮರದ ತುದಿಗೆ ಎಳೆದುಕೊಂಡು ಹೋಗುತ್ತಿರಲಿಲ್ಲ. ಹುಚ್ಚೇಶ ಒಂದು ಕಪ್ ಚಹಾ ಕುಡಿಯಲು ಅತ್ತ ತಿರುಗಿದ್ದನಷ್ಟೆ. ಸೀರೆ ಕೆಳಗಿಳಿಸುವ ಹೊತ್ತಿಗೆ ಅರ್ಧ ಊರು ಮರದ ಕೆಳಗೆ ನೆರೆದಿತ್ತು. ಮರಳಿ ಬರುವಾಗ ಹುನಗುಂದದ ಹತ್ತಿರ ಹಳೆಯ ಗಾಡಿಯೂ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ತಳ್ಳಿಕೊಂಡು ಹೋದರೆ ಮೆಕ್ಯಾನಿಕ್ ಮತೀನ ಎಂಜಿನ್ನಿಗೆ ಕಿವಿಯಿಟ್ಟು ಕೇಳಿ, "ಕಾಕಾ, ಇದರ ಬಾಯಾಗ ನೀರ ಬಿಡೂದಷ್ಟ ಉಳದೈತಿ ನೋಡ್ರಿ" ಎಂದ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಚ್ಚೇಶನದು ಮೂರು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಎರಡು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಒಂದರಲ್ಲಿ ಹೆಂಡತಿ ನಾಗರತ್ನಾ ಕೂಡುತ್ತಾಳೆ, ಇನ್ನೊಂದರಲ್ಲಿ ಮಗ ಶಂಭು. ತಾಯಿ ರತ್ನವ್ವ ಕಿಟಕಿಯ ಬಳಿ ಕೂತು ನೂಲಿನ ಕಂಡಿಕೆ ಸುತ್ತುತ್ತಾಳೆ. ಸೊಸೆ ಸುಮಾ ಅಡಿಗೆ ಮಾಡುತ್ತಲೇ ಫೋನಿನಲ್ಲಿ ಗಿರಾಕಿಗಳಿಗೆ ಸೀರೆ ತೋರಿಸುತ್ತಾಳೆ. ಹುಚ್ಚೇಶನ ಕೆಲಸ ತಿರುಗಾಟ. ನೇಯ್ದದ್ದನ್ನು ಗಂಟು ಕಟ್ಟಿಕೊಂಡು ಹುನಗುಂದ, ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಮುಟ್ಟಿಸುವುದು. ಗಾಡಿ ನಿಂತರೆ ಮನೆಯೂ ಅರ್ಧ ನಿಂತಂತೆಯೇ.

ಆ ಸಂಜೆ ಊಟಕ್ಕೆ ಕೂತಾಗ ಹುಚ್ಚೇಶ ಸುದ್ದಿ ತೆಗೆದ.

"ಹೊಸಾ ಗಾಡಿ ತೊಗೊಳ್ಳೂನು."

ಶಂಭು ಈ ಮಾತಿಗೇ ಕಾದಿದ್ದ. "ನಾ ಮೊದಲ ಹೇಳೇನಿ ಅಪ್ಪಾ. ಗಾಡಿಗಂತ ತಗದಿಟ್ಟ ರೊಕ್ಕದಾಗ ಒಂದು ಹಳೇ ಕಾರ ಬರತೈತಿ. ಗಂಟ ಹಿಂದ ಒಗದು ಕಾಜ ಏರಿಸಿದ್ರ ಮಂಗ್ಯಾನೂ ಇಲ್ಲ, ಮಳೀನೂ ಇಲ್ಲ."

"ಕಾರ ಬ್ಯಾಡ. ಬೈಕ. ದೊಡ್ಡದು."

"ಎಷ್ಟು ದೊಡ್ಡದು?"

"ನಾನೂರು ಸಿಸಿ."

ಶಂಭುವಿನ ಕೈಯಲ್ಲಿನ ರೊಟ್ಟಿ ಎಣಗಾಯಿಯ ಮೇಲೆಯೇ ನಿಂತಿತು. ರತ್ನವ್ವ ಕಿವಿ ಮುಂದೆ ತಂದು ಕೇಳಿದಳು, "ನಾನೂರು ಅಂದ್ರ ಏನೋ? ನಾನೂರು ಮಂದಿ ಕೂಡ್ತಾರೇನು?"

"ಇಲ್ಲ ಯವ್ವಾ, ಇಬ್ಬರ."

"ಇಬ್ಬರಿಗೆ ನಾನೂರು ಯಾಕಪಾ?"

ಸುಮಾ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಶಂಭುವಿಗೆ ನಗು ಬರಲಿಲ್ಲ. "ಐವತ್ತಾರಕ್ಕ ಬಂದಿ ಅಪ್ಪಾ. ನಿನ್ನ ವಾರಗಿಯವರು ಮೊಳಕಾಲಿಗೆ ಎಣ್ಣಿ ತಿಕ್ಕೊಂತ ಕುಂತಾರ."

"ಕುಂತಾರ, ಅದಕ್ಕ ಎಣ್ಣಿ ಬೇಕಾಗೇತಿ."

"ಮಂದಿ ಏನಂತಾರ?"

"ಮಂದಿ ದಾರಿ ಬಿಡ್ತಾರ."

ನಾಗರತ್ನಾ ಮಾತ್ರ "ಪಲ್ಲೆ ಬೇಕೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಡಿಸಿದಳು.

ಹುಚ್ಚೇಶನ ಹಟದ ಗುಟ್ಟು ಇಷ್ಟೇ. ಮದುವೆಯಾದ ಹೊಸತರಲ್ಲಿ ಅವನು ಹೆಂಡತಿಗೆ, "ನಿನ್ನ ಗಾಡಿ ಮ್ಯಾಲ ಕರಕೊಂಡು ಬಾದಾಮಿ ತೋರಿಸ್ತೇನಿ" ಎಂದಿದ್ದ. ಹೊರಡುವ ದಿನ ಅಂಗಡಿಯವರ ಆರ್ಡರ್ ಬಂತು. ಅವಳ ಜಾಗದಲ್ಲಿ ಗಂಟು ಕಟ್ಟಿದ. ಆವತ್ತು ಅಲ್ಲಿ ಕೂತ ಗಂಟು ಮೂವತ್ತು ವರ್ಷ ಇಳಿಯಲಿಲ್ಲ. ನಾಗರತ್ನಾ ನೇಯ್ದ ಸೀರೆಗಳು ಊರೂರು ತಿರುಗಿ ಬಂದವು. ಅವಳು ಮಾತ್ರ ಯಾರದೋ ಮದುವೆಗೆಂದು ಬಸ್ಸಿನಲ್ಲಿ ಹೋದವಳು, ಕಿಟಕಿ ಸಿಕ್ಕರೆ ಹೊಲ ನೋಡಿದಳು, ಸಿಗದಿದ್ದರೆ ಮುಂದೆ ನಿಂತವರ ಬೆನ್ನು ನೋಡಿದಳು. ಮಂಗ ಒಯ್ದ ಹಸಿರು ಸೀರೆ ಬೇವಿನ ಮರದ ಮೇಲೆ ಉದ್ದಕ್ಕೂ ಹರಡಿಕೊಂಡಾಗ ಪ್ರವಾಸಕ್ಕೆ ಬಂದ ಹೆಂಗಸರು, "ಅಯ್ಯೋ, ಎಷ್ಟು ಚೆಂದ ಐತಿ" ಎಂದು ಕೂಗಿದ್ದರು. ನೇಯ್ದವಳು ಇದನ್ನು ಕೇಳಲು ಇಲ್ಲಿಲ್ಲವಲ್ಲ ಎಂದು ಹುಚ್ಚೇಶನಿಗೆ ಆಗಲೇ ಅನಿಸಿತ್ತು. ಅವನಿಗೆ ಬೇಕಾಗಿದ್ದುದು ಗಂಟಿಗೊಂದು ಜಾಗ, ಅವಳಿಗೊಂದು ಜಾಗ ಇರುವ ಗಾಡಿ. ಕಾರಿನಲ್ಲೂ ಅದು ಇರುತ್ತದೆ, ನಿಜ. ಆದರೆ ಮಾತು ಕೊಟ್ಟದ್ದು ಗಾಡಿಯ ಮೇಲೆ ಕರೆದೊಯ್ಯುತ್ತೇನೆಂದು.

ಇದನ್ನು ಅವನು ಹೇಳಿದ್ದು ಸುಮಾಳಿಗೊಬ್ಬಳಿಗೇ. ಅದೂ ಅವಳು ಹಿಡಿದು ಕೇಳಿದ್ದಕ್ಕೆ.

"ಮಾವಾರ, ಖರೆ ಹೇಳ್ರಿ. ಇದು ನಿಮ್ಮ ಹುರುಪೋ, ಮತ್ತೇನರ ಐತೋ?"

ಕೇಳಿದ ಮೇಲೆ ಸುಮಾಳ ಹುರುಪೂ ಏರಿತು. ಅವಳು ಕಲಾದಗಿಯ ದಾಳಿಂಬೆ ತೋಟದವಳು, ಲಗ್ನಕ್ಕೆ ಮುಂಚೆ ತಂದೆಯ ಬೈಕಿನಲ್ಲಿ ಹಣ್ಣಿನ ಬುಟ್ಟಿ ಹೇರಿಕೊಂಡು ಓಡಾಡಿದವಳು. ದಿನಾ ಪಾತ್ರೆ ತೊಳೆದ ಮೇಲೆ ಮಾವ ಸೊಸೆ ಇಬ್ಬರೂ ಕಟ್ಟೆಯ ಮೇಲೆ ಕೂತು ಫೋನು ತಿಕ್ಕತೊಡಗಿದರು.

"ಇದು ನೋಡ್ರಿ, ಎತ್ತರದ್ದು. ಗುಡ್ಡಾನೂ ಹತ್ತತೈತಂತ."

"ಗುಡ್ಡದಾಗ ಯಾರು ಸೀರಿ ತೊಗೊತಾರವಾ? ಅದನ್ನ ಹತ್ತಾಕ ನನಗ ನಿಚ್ಚಣಿಕಿ ಬೇಕು."

"ಇದು ರೇಸಿಂದು."

"ಇದರ ಮ್ಯಾಲ ಬೋರಲ ಮಲಗಬೇಕಲ್ಲ. ಹುನಗುಂದ ಮುಟ್ಟೂದ್ರಾಗ ಸೊಂಟ ಹೋಗತೈತಿ."

"ಹಂಗಾರ ಇದು. ಸ್ಪೋರ್ಟ್ ಟೂರರ್ ಅಂತಾರ್ರಿ ಇದಕ್ಕ. ಓಡಾಕ ಓಟದ ಗಾಡಿ, ಕೂಡಾಕ ದೂರದ ಗಾಡಿ."

ಬೂದು ಬಣ್ಣದ್ದು. ಮುಂದೆ ಗಾಳಿ ತಡೆಯಲು ಗಾಜು. ಹ್ಯಾಂಡಲ್ ತುಸು ಮೇಲೆ, ಬೆನ್ನು ನೆಟ್ಟಗಿಟ್ಟು ಕೂಡಬಹುದು. ಹೆದ್ದಾರಿಯಲ್ಲಿ ಲಾರಿ ದಾಟಲು ಉಸಿರಿದೆ, ಹುನಗುಂದದ ಸಂತೆಯಲ್ಲಿ ಎತ್ತಿನ ಹಿಂದೆ ಆಮೆಯಂತೆ ಹೋಗಲು ತಾಳ್ಮೆಯೂ ಇದೆಯಂತೆ. ಎರಡೂ ಬದಿಗೆ ಬೀಗ ಹಾಕುವ ಪೆಟ್ಟಿಗೆ. ಹುಚ್ಚೇಶ ಆ ಪೆಟ್ಟಿಗೆಗಳನ್ನೇ ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದ.

"ಒಂದೊಂದರಾಗ ಎಷ್ಟು ಸೀರಿ ಹಿಡೀತಾವ?"

"ಅದನ್ನ ಫೋನಿನ್ಯಾಗ ಹೇಳಿಲ್ಲರಿ ಮಾವಾರ."

ಶಂಭುವೂ ಕೈಕಟ್ಟಿ ಕೂರಲಿಲ್ಲ. ಮರುವಾರ ಗೆಳೆಯನ ಕಡೆಯಿಂದ ಒಂದು ಬಿಳಿ ಕಾರು ತರಿಸಿದ, ಮನೆಯವರೆಲ್ಲ ನೋಡಲಿ ಎಂದು. ಆದರೆ ಅವತ್ತು ಓಣಿಯುದ್ದಕ್ಕೂ ಹಾಸು ಹೂಡಿದ್ದರು. ಈ ಮನೆಯ ಕಂಬದಿಂದ ಆ ಮನೆಯ ಕಂಬದವರೆಗೆ ಎಳೆ ಎಳೆಯಾಗಿ ನೂಲು ಬಿಗಿದು, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಕಾರು ಓಣಿಯ ಬಾಯಲ್ಲೇ ಸಿಕ್ಕಿಕೊಂಡಿತು. ಎದುರು ಮನೆಯ ಕಾಸಿಂಬಿ ಗಂಜಿಯ ಕುಂಚ ಎತ್ತಿ ಹಿಡಿದು, "ಏ ಶಂಭು, ನೂಲಿಗೇನರ ಆತಂದ್ರ ಕಾರಿಗೂ ಗಂಜಿ ಹಚ್ತೇನಿ ನೋಡು" ಎಂದಳು. ಕಾರು ಬಂದಂತೆಯೇ ಹಿಂದೆ ಹಿಂದೆ ಹೋಯಿತು.

"ನಮ್ಮ ಓಣಿಗೆ ಕಾರ ಬರಾಂಗಿಲ್ಲ" ಎಂದ ಹುಚ್ಚೇಶ, ಮೀಸೆಯಲ್ಲಿ ನಗುತ್ತ.

"ಓಣಿ ಹೊರಗ ನಿಂದರಸೂನು."

"ಅಲ್ಲಿ ನಿಂದರಸಿ, ಅಲ್ಲೀತನಕ ಗಂಟ ತಲಿ ಮ್ಯಾಲ ಹೊರೂನೇನು?"

ಅಪ್ಪ ಮಗ ಎರಡು ದಿನ ಮಾತಾಡಲಿಲ್ಲ. ಉಪ್ಪು ಬೇಕಾದರೂ ಸುಮಾಳ ಮೂಲಕ ಕೇಳಿಸಿದರು.

ಮುಂದಿನ ಸೋಮವಾರ ಹುಚ್ಚೇಶ ಗಂಟು ಹೊತ್ತು ಬಸ್ಸಿನಲ್ಲಿ ಬಾಗಲಕೋಟೆಗೆ ಹೋದ. ಅಂಗಡಿಗಳಿಗೆ ಹೋಗುವ ಮುಂಚೆ ಕಾಲುಗಳು ತಾವಾಗಿಯೇ ಬೈಕ್ ಶೋರೂಮಿನತ್ತ ತಿರುಗಿದವು. ಅಲ್ಲಿ ಬೂದು ಗಾಡಿ ನಿಂತಿತ್ತು, ಪೆಟ್ಟಿಗೆ ಸಮೇತ, ಗಿರಾಕಿಗಳಿಗೆ ಓಡಿಸಿ ತೋರಿಸಲೆಂದೇ ಇಟ್ಟದ್ದು. ಅಫ್ಸರ ಎಂಬ ಹುಡುಗ ಒಂದು ಕಿವಿಯಲ್ಲಿ ಫೋನಿಟ್ಟುಕೊಂಡು ಇನ್ನೊಂದು ಕಿವಿಯಲ್ಲಿ ಮೂರು ಗಿರಾಕಿಗಳನ್ನು ಕೇಳಿಸಿಕೊಳ್ಳುತ್ತಿದ್ದ.

"ಅಂಕಲ್, ಒಂದು ರೌಂಡ್ ಹೊಡದು ಬರ್ರಿ. ಆಧಾರ್ ಕಾರ್ಡ್ ಇಲ್ಲಿಡ್ರಿ."

"ಜಾಂಗಡ ಒಯ್ಲೇನಪಾ? ಮನ್ಯಾಗ ತೋರಿಸಿ ತರ್ತೇನಿ. ನನ್ನ ಗಂಟೂ ಇಲ್ಲೇ ಇರಲಿ."

"ಹ್ಞೂಂ ಹ್ಞೂಂ, ಒಯ್ರಿ ಅಂಕಲ್" ಎಂದ ಅಫ್ಸರ, ಯಾರಿಗೆ ಏನು ಹೇಳಿದೆನೆಂಬ ಖಬರಿಲ್ಲದೆ.

ಜಾಂಗಡವೆಂದರೆ ಸೀರೆ ವ್ಯಾಪಾರದ ಹಳೆಯ ನಡೆ. ಮಾಲು ಒಯ್ಯಿ, ಮನೆಯಲ್ಲಿ ನಾಲ್ಕು ಜನಕ್ಕೆ ತೋರಿಸು, ಒಪ್ಪಿದರೆ ಹಣ ಕೊಡು, ಒಪ್ಪದಿದ್ದರೆ ಮಡಿಕೆ ಕೆಡದಂತೆ ತಿರುಗಿ ತಾ. ಒಂದೇ ಷರತ್ತು, ಕಲೆ ಬಿದ್ದರೆ ಮಾಲು ಒಯ್ದವನದು. ಹುಚ್ಚೇಶ ಮೂವತ್ತು ವರ್ಷ ಹೀಗೆಯೇ ಕೊಟ್ಟಿದ್ದಾನೆ, ತಂದಿದ್ದಾನೆ. ಗಾಡಿ ವ್ಯಾಪಾರಕ್ಕೆ ಬೇರೆ ನಡೆ ಇರಬಹುದೆಂದು ಅವನ ತಲೆಗೆ ಹೊಳೆಯಲೇ ಇಲ್ಲ.

ಊರು ದಾಟಿದ್ದೇ ತಡ, ಗಾಡಿ ಗಂಟಲು ತೆರೆಯಿತು. ಶಿರೂರಿನ ಹೊಲಗಳು ಎರಡೂ ಬದಿಗೆ ಸರ್ರನೆ ಹಿಂದೆ ಸರಿದವು. ಹಳೆಯ ಗಾಡಿಯಲ್ಲಿ ಎದೆಗೆ ಬಡಿಯುತ್ತಿದ್ದ ಗಾಳಿ ಈಗ ಗಾಜಿನ ಮೇಲಿಂದ ಹಾರಿ ಹೋಯಿತು. ಗುಂಡಿ ಬಂದರೆ ಗಾಡಿಯೇ ನುಂಗಿಕೊಂಡಿತು. ಹುಚ್ಚೇಶನಿಗೆ ಎಷ್ಟು ಖುಷಿಯಾಯಿತೆಂದರೆ, ಶೋರೂಮಿನವರು ಕೊಟ್ಟ ಹೆಲ್ಮೆಟ್ಟಿನೊಳಗೆ ಒಬ್ಬನೇ "ಹೋ" ಎಂದು ಕೂಗಿದ. ಅಮೀನಗಡದಲ್ಲಿ ನಿಲ್ಲಿಸಿ, ಬರಿಗೈಲಿ ಮನೆಗೆ ಹೋಗುವುದು ಬೇಡವೆಂದು ಕರದಂಟಿನ ಪೊಟ್ಟಣ ಕಟ್ಟಿಸಿದ.

ಆ ಕರದಂಟೇ ಎಲ್ಲ ಕೆಡಿಸಿತು. ಹೊಸ ಗಾಡಿ, ಜೊತೆಗೆ ಸಿಹಿ. ರತ್ನವ್ವನಿಗೆ ಇನ್ನೇನು ಹೇಳಬೇಕು? ಹುಚ್ಚೇಶ ಹೆಲ್ಮೆಟ್ ತೆಗೆದು ಮುಖ ತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮುದುಕಿ ಗಾಜಿಗೆ ಅರಿಸಿನ ಬಳಿದು, ನಡುವೆ ಅಂಗೈಯಗಲ ಕುಂಕುಮ ಹಚ್ಚಿ, ಚಕ್ರಕ್ಕೆ ಲಿಂಬಿಹಣ್ಣಿಟ್ಟು, "ಬನಶಂಕರಿ, ಕಾಯವ್ವಾ" ಎಂದು ತೆಂಗಿನಕಾಯಿ ಒಡೆದಾಗಿತ್ತು.

"ಯವ್ವಾ! ಏನ ಮಾಡಿದಿ? ಇದು ಜಾಂಗಡ ತಂದದ್ದು!"

"ಜಾಂಗಡ? ಹಂಗಾರ ಕರದಂಟ ಯಾಕ ತಂದಿ?"

ಶಂಭು ಮಗ್ಗದಿಂದ ಎದ್ದು ಬಂದು ತಲೆ ಹಿಡಿದುಕೊಂಡ. "ಅಪ್ಪಾ, ಟೆಸ್ಟ್ ರೈಡ್ ಅಂದ್ರ ಶೋರೂಮಿನ ಸುತ್ತ ಒಂದು ಸುತ್ತು. ತಾಲೂಕ ದಾಟಿ ಮನಿಗೆ ತರೂದಲ್ಲ!"

"ಅಂವ ಒಯ್ರಿ ಅಂದ."

ಓಣಿಯವರೆಲ್ಲ ಸೇರಿದ್ದರು. ಆದದ್ದು ಆಯಿತೆಂದು ಹುಚ್ಚೇಶ ಒಳಗೆ ನೋಡಿ ಕರೆದ, "ನಾಗರತ್ನಾ, ಹೊರಗ ಬಾ. ಏರಿ ಒಮ್ಮಿ ಕೂಡು."

"ನಾನ್ಯಾಕ್ರಿ?"

"ಬಾ ಅಂದ್ರ ಬಾ."

ನಾಗರತ್ನಾ ಕೈಯ ನೂಲು ಝಾಡಿಸಿಕೊಂಡು ಬಂದಳು. ನಾಚಿಕೆಯೂ ಇತ್ತು, ಕಣ್ಣಲ್ಲಿ ಒಂದು ಮಿಂಚೂ ಇತ್ತು. ಎಲ್ಲ ಹೆಂಗಸರಂತೆ ಒಂದೇ ಕಡೆಗೆ ಎರಡೂ ಕಾಲು ಇಳಿಬಿಟ್ಟು ಕೂಡಲು ಹೋದಳು. ಸೀಟು ಎತ್ತರ. ಕಾಲಿಡುವ ಕಡೆ ಪೆಟ್ಟಿಗೆ ಅಡ್ಡ. ಹೇಗೋ ಏರಿ ಕೂತಳು, ಕೂತದ್ದೇ ಜಾರಿದಳು. ಕಾಸಿಂಬಿ ಹಿಡಿಯದಿದ್ದರೆ ನೆಲಕ್ಕೇ ಬೀಳುತ್ತಿದ್ದಳು. ಹುಡುಗರು ಗೊಳ್ಳೆಂದು ನಕ್ಕರು.

ನಾಗರತ್ನಾಳ ಮುಖ ಕೆಂಪಾಯಿತು. "ಗಂಟ ಚೊಲೋ ಕೂಡತೈತ್ರಿ ಅಲ್ಲೆ. ಅದನ್ನ ಕೂಡಸ್ಕೋರಿ" ಎಂದು ಒಳಗೆ ಹೋದಳು. ಮಗ್ಗದ ಲಾಳಿಯ ಸಪ್ಪಳ ಎಂದಿಗಿಂತ ಜೋರಾಗಿ ಬರತೊಡಗಿತು.

ಅಷ್ಟರಲ್ಲಿ ಹುಚ್ಚೇಶನ ಫೋನು ರಿಂಗಾಯಿತು. ದಾರಿಯಲ್ಲಿ ಎಷ್ಟು ಸಲ ರಿಂಗಾಗಿತ್ತೋ.

"ಅಂಕಲ್, ಎಲ್ಲಿದ್ದೀರಿ ಅಂಕಲ್?"

"ಮನ್ಯಾಗ."

"ಮನಿ ಎಲ್ಲೈತ್ರಿ?"

"ಇಳಕಲ್ಲಿನ್ಯಾಗ."

"ಇಳಕಲ್?" ಎಂದು ಅಫ್ಸರ ಕೂಗಿದ್ದು ಓಣಿಗೆಲ್ಲ ಕೇಳಿತು.

ಗಾಡಿ ಮರಳಿಸಲು ಅಪ್ಪನ ಜೊತೆ ಶಂಭುವೂ ಹೊರಟ, ಇವರೊಬ್ಬರನ್ನೇ ಬಿಟ್ಟರೆ ಇನ್ನೆಲ್ಲಿಗೆ ಒಯ್ಯುತ್ತಾರೋ ಎಂದು. ಹಿಂದೆ ಕೂತು ಮುಖ ಗಂಟಿಕ್ಕಿಕೊಂಡೇ ಇದ್ದ. ಅಮೀನಗಡ ದಾಟಿದ ಮೇಲೆ ಗಂಟು ತುಸು ಸಡಿಲಾಯಿತು. ಶಿರೂರಿನ ಹತ್ತಿರ ಬಾಯಿ ಬಿಟ್ಟ.

"ಸೀಟ ಚೊಲೋ ಐತಿ."

"ನಿಮ್ಮವ್ವ ಜಾರಿದ್ಲಲ್ಲೋ."

"ನಾ ಎರಡೂ ಕಡೆ ಕಾಲ ಹಾಕಿ ಕುಂತೇನಿ. ಅವ್ವಗ ಸೀರಿ ಉಟ್ಕೊಂಡು ಹಂಗ ಕೂಡಾಕ ಬರತೈತೇನು?"

ಮಗ ಹೇಳಿದ್ದು ಖರೆಯೇ ಆಗಿತ್ತು.

ಶೋರೂಮಿನಲ್ಲಿ ಅಫ್ಸರ ಬಾಗಿಲಲ್ಲೇ ನಿಂತಿದ್ದ. ಗಾಡಿ ಕಂಡು ಅವನಿಗೆ ಜೀವ ಬಂತು, ಗಾಜು ಕಂಡು ಬಾಯಿ ತೆರೆಯಿತು. "ಅಂಕಲ್, ಇದೇನ್ರಿ ಇದು! ನಮ್ಮ ಸಾಹೇಬ್ರು ಪೊಲೀಸರಿಗೆ ಹೇಳಾಕ ಹೊಂಟಿದ್ರು. ನಾನ ನಿಮ್ಮ ಗಂಟ ತೋರಿಸಿ ತಡದೇನಿ."

"ತಪ್ಪಾತಪಾ. ಆದ್ರ ನಮ್ಮ ಧಂದೆದಾಗ ಕಲೆ ಬಿದ್ದ ಮಾಲು ಒಯ್ದಾಂವಂದು. ಇದಕ್ಕ ನಮ್ಮವ್ವನ ಕುಂಕುಮ ಬಿದ್ದೈತಿ. ಇದನ್ನ ಬ್ಯಾರೆಯವರಿಗೆ ಕೊಡಬ್ಯಾಡ."

"ಒರಸಿದ್ರ ಹೋಗತೈತಿ ಅಂಕಲ್."

"ಒರಸಿದ್ರ ಗಾಜಿಂದು ಹೋಗತೈತಿ. ನನ್ನ ಮಾತು ಹೋಗತೈತೇನು?"

ಅಫ್ಸರ ಅವನ ಮುಖವನ್ನೇ ನೋಡಿದ. ಓಡಿಸಿ ತೋರಿಸುವ ಗಾಡಿಯನ್ನು ದಸರಾ ಮುಗಿದ ಮೇಲೆ ಮಾರುತ್ತಾರಂತೆ, ಹೊಸದಕ್ಕಿಂತ ಅಗ್ಗಕ್ಕೆ. ಅಲ್ಲಿಯವರೆಗೆ ನಿಮ್ಮ ಹೆಸರಿಗೆ ಇಡಿಸುತ್ತೇನೆ ಎಂದ.

ಮನೆಯಲ್ಲಿ ಈ ಸುದ್ದಿ ಬಿದ್ದಾಗ ಜಗಳ ಹೊತ್ತಿಕೊಂಡಿತು.

"ಯಾರನ್ನ ಕೇಳಿ ಮಾತ ಕೊಟ್ರಿ?" ಎಂದಳು ನಾಗರತ್ನಾ. ಅವಳು ಇಷ್ಟು ಜೋರಾಗಿ ಮಾತಾಡಿದ್ದನ್ನು ಸುಮಾ ಕೇಳಿಯೇ ಇರಲಿಲ್ಲ. "ಓಣಿ ಮಂದಿ ಮುಂದ ನನ್ನ ನಗಿಗೇಡ ಮಾಡಿದ್ರಿ. ಮತ್ತ ಅದೇ ಗಾಡಿ ತರ್ತೀರಿ? ತರ್ರಿ. ಗಂಟ ಕಟಗೊಂಡು ತಿರಗ್ರಿ. ಮೊದಲೂ ಅಷ್ಟ, ಈಗೂ ಅಷ್ಟ."

"ನಾ ಹೇಳಿದ್ದೆ, ಕಾರ ತೊಗೊಳ್ಳೂನು ಅಂತ" ಎಂದ ಶಂಭು.

"ನೀ ಸುಮ್ನಿರು!" ಎಂದರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ.

ಸುಮಾಳಿಗೆ ತಡೆಯಲಾಗಲಿಲ್ಲ. "ಅತ್ತೀ, ಅದು ಗಂಟಿನ ಸಲುವಾಗಿ ಅಲ್ಲರಿ. ಗಂಟು ಪೆಟ್ಟಿಗ್ಯಾಗ ಹೋಗಲಿ, ಹಿಂದ ನೀವು ಕೂಡಬೇಕು ಅಂತ ಮಾವಾರು ಇಷ್ಟೆಲ್ಲಾ ಮಾಡ್ಯಾರ. ಲಗ್ನ ಆದ ವರ್ಷ ಬಾದಾಮಿಗೆ ಕರಕೊಂಡು ಹೋಗ್ತೇನಿ ಅಂದಿದ್ರಂತಲ್ಲ, ಅದಕ್ಕ."

ಹುಚ್ಚೇಶ ಗೋಡೆಯ ಕಡೆ ನೋಡತೊಡಗಿದ. ನಾಗರತ್ನಾ ನಿಂತಲ್ಲೇ ನಿಂತಳು. ಗಂಡ ಆ ಮಾತನ್ನು ಎಂದೋ ಮರೆತಿದ್ದಾನೆಂದು ತಿಳಿದು, ಮರೆತದ್ದಕ್ಕೆ ಬೈಯುವುದನ್ನೂ ಅವಳು ಬಿಟ್ಟು ಬಹಳ ವರ್ಷವಾಗಿತ್ತು. ಈಗ ಒಲೆಯ ಮುಂದೆ ಹೋಗಿ ಕೂತಳು. ಅಂದು ಹುಚ್ಚೇಶನ ರೊಟ್ಟಿಯ ಮೇಲೆ ಬೆಣ್ಣೆ ಎರಡು ಸಲ ಬಿತ್ತು.

ಮರುದಿನ ಬೆಳಿಗ್ಗೆ ಅವಳು ಅತ್ತೆಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅತ್ತೀ, ನೀವು ಕಚ್ಚಿ ಹಾಕಿ ಉಡ್ತೀರಲ್ಲ, ಕಾಲು ಅಗಲ ಮಾಡಿ ಕೂಡಾಕ ಬರತೈತೇನ್ರಿ?"

ರತ್ನವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಿದಳು. ಎರಡು ಕಾಲಿನ ನಡುವೆ ಸೀರೆ ತೆಗೆದು ಹಿಂದೆ ಸಿಕ್ಕಿಸುವ ಕಚ್ಚೆ ಅವಳದು, ಹಳೆಯ ಕಾಲದ್ದು. "ಕೂಡಾಕ ಬರತೈತೇನ? ಕಚ್ಚಿ ಹಾಕ್ಕೊಂಡು ನಾ ಬಾಂವಿ ಇಳದೇನಿ, ಹುಣಸಿ ಗಿಡ ಹತ್ತೇನಿ. ಒಮ್ಮಿ ನಮ್ಮ ಮಾವಾರ ಕುದರೀನೂ ಹತ್ತಿದ್ದೆ, ಯಾರಿಗೂ ಹೇಳಬ್ಯಾಡ. ಆದ್ರ ನಿನ್ನ ಈ ಗಿಡ್ಡ ಸೀರಿ ಸಾಲಂಗಿಲ್ಲವಾ. ಕಚ್ಚಿಗೆ ಒಂಬತ್ತು ವಾರಿ ಬೇಕು."

"ನಿಮ್ಮದೊಂದು ಕೊಡ್ತೀರೇನು?"

"ನನ್ನವು ಸವದು ಮೀನಿನ ಬಲಿ ಆಗ್ಯಾವ. ಏ ಹುಚ್ಚಿ, ನೀ ನೇಕಾರಾಕಿ ಅಲ್ಲೇನು? ನೇಯಿ."

ನಾಗರತ್ನಾ ತಾನು ನೇಯ್ದ ಸೀರೆಯನ್ನು ಎಂದೂ ಉಟ್ಟವಳಲ್ಲ. ಮಗ್ಗದ ಮಾಲು ಅಂಗಡಿಗೆ, ಮನೆಯವರಿಗೆ ಪೇಟೆಯ ಪಾಲಿಸ್ಟರು. ಎಲ್ಲ ನೇಕಾರರ ಮನೆಯ ನಡೆ ಅದೇ. ಅಂದು ಮಧ್ಯಾಹ್ನ ಅವಳು ಒಂಬತ್ತು ಗಜಕ್ಕೆ ಸಾಲುವ ಕಡುನೀಲಿಯ ಉದ್ದ ಹಾಸನ್ನು ಮಗ್ಗಕ್ಕೆ ಏರಿಸಿದಳು.

ಪಕ್ಕದ ಮಗ್ಗದಿಂದ ಶಂಭು ನೋಡಿದ. "ಅವ್ವಾ, ಒಂಬತ್ತು ವಾರಿ ಈಗ ಯಾರು ಉಡ್ತಾರ? ಯಾರ ಆರ್ಡರ್ ಇದು?"

"ನನ್ನ ಆರ್ಡರ್."

"ಅಂದ್ರ?"

"ಅಂದ್ರ ನನ್ನ ಆರ್ಡರ್. ನಾ ಗಾಡಿ ಹತ್ತಬೇಕು."

ಶಂಭು ಆಮೇಲೆ ಕಾರಿನ ಮಾತು ತೆಗೆಯಲಿಲ್ಲ. ಎರಡು ದಿನ ಬಿಟ್ಟು ತಾನೇ ಪೇಟೆಗೆ ಹೋಗಿ ಸೆರಗಿಗೆ ಕೆಂಪು ರೇಷ್ಮೆ ತಂದು ಅವ್ವನ ಮುಂದಿಟ್ಟ. "ಸೆರಗಿಗೆ ಅಗ್ಗದ ನೂಲ ಹಾಕಬ್ಯಾಡ. ಗಾಡಿ ಮ್ಯಾಲ ಮಂದಿ ನೋಡ್ತಾರ."

ಇಳಕಲ್ ಸೀರೆಯ ಮೈಗೂ ಸೆರಗಿಗೂ ಬೇರೆ ಬೇರೆ ಹಾಸು. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಇಬ್ಬರು ಬೇಕು. ತಾಯಿ ಮಗ ಎದುರುಬದುರು ಕೂತು ಮಧ್ಯಾಹ್ನವಿಡೀ ಕೊಂಡಿ ಹಾಕಿದರು. ಸುಮಾ ಚುರುಮುರಿ, ಮಿರ್ಚಿ ಭಜಿ ಮಾಡಿ ತಂದು ಇಬ್ಬರ ಬಾಯಿಗೂ ತಾನೇ ಇಟ್ಟಳು, ಎಣ್ಣೆಗೈ ನೂಲಿಗೆ ತಾಗದಿರಲೆಂದು. ಹುಚ್ಚೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಬರಲು ಧೈರ್ಯವಾಗಲಿಲ್ಲ, ಹೊರಗೆ ಹೋಗಲು ಮನಸ್ಸಾಗಲಿಲ್ಲ.

ಸೀರೆ ಮುಗಿದ ದಿನ ರತ್ನವ್ವ ಕೋಣೆಯ ಬಾಗಿಲು ಹಾಕಿಕೊಂಡು ಸೊಸೆಗೆ ಕಚ್ಚೆ ಹಾಕಲು ಕಲಿಸಿದಳು. ಒಳಗಿನಿಂದ ಬರೀ ನಗು ಕೇಳಿಬಂತು. ಕೊನೆಗೆ ನಾಗರತ್ನಾ ಹೊರಬಂದು, ಎಲ್ಲರ ಮುಂದೆ, ಮನೆಯ ಕಟ್ಟೆಯನ್ನು ಒಂದೇ ಜಿಗಿತಕ್ಕೆ ಹಾರಿದಳು. ಎದುರು ಮನೆಯಿಂದ ಕಾಸಿಂಬಿ ಚಪ್ಪಾಳೆ ತಟ್ಟಿದಳು.

ದಸರಾ ಮುಗಿಯಿತು. ಅಫ್ಸರನ ಫೋನು ಬಂತು. ಐದೂ ಜನ ಬಸ್ಸು ಹತ್ತಿ ಬಾಗಲಕೋಟೆಗೆ ಹೊರಟರು. ಶಂಭುವಿನ ಕೈಯಲ್ಲಿ ಸೀರೆಯ ಗಂಟಲ್ಲದೆ ಇನ್ನೊಂದು ಚೀಲವಿತ್ತು. ಏನದು ಎಂದರೆ ಹೇಳಲಿಲ್ಲ.

ಶೋರೂಮಿನಲ್ಲಿ ಹುಚ್ಚೇಶ ನೇರ ಬೂದು ಗಾಡಿಯತ್ತ ಹೊರಟ. ನಾಗರತ್ನಾ ತಡೆದಳು. "ನಿಂದರ್ರಿ. ಒಂದ ಸೀರಿ ನೋಡಿ ಯಾರರ ತೊಗೊತಾರೇನು? ಏನಪಾ ಅಫ್ಸರ, ಎಲ್ಲಾ ತೋರಿಸು."

"ನಾ ಮಾತ ಕೊಟ್ಟೇನಿ ನಾಗರತ್ನಾ."

"ನೀವು ಕೊಟ್ಟೀರಿ. ಹಿಂದ ಕೂಡಾಕಿ ನಾನು."

ಹುಚ್ಚೇಶ ಇಕ್ಕಟ್ಟಿಗೆ ಬಿದ್ದ. ಮಾತು ಉಳಿಸಿಕೊಂಡರೆ ಇವಳು ಕೂಡುವುದಿಲ್ಲ, ಇವಳು ಬೇರೆ ಆರಿಸಿದರೆ ಮಾತು ಉಳಿಯುವುದಿಲ್ಲ.

ಅಫ್ಸರ ಎತ್ತರದ ಗಾಡಿ ತೋರಿಸಿದ. ನಾಗರತ್ನಾ ಕಾಲು ಎತ್ತಿ, ಅತ್ತ ಹಾಕಿ, ಕೂತಳು. ಶೋರೂಮಿನ ಹುಡುಗರೆಲ್ಲ ಕೆಲಸ ಬಿಟ್ಟು ನೋಡಿದರು. "ಚೊಲೋ ಐತಿ. ಆದ್ರ ಇವರು ಮುಂದ ಕುಂತ್ರ ಕಾಲ ನೆಲಕ್ಕ ಮುಟ್ಟಂಗಿಲ್ಲ. ಸಂತ್ಯಾಗ ನಿಂದರಸಿದ್ರ ಇಬ್ಬರೂ ಬೀಳ್ತೇವಿ" ಎಂದು ಇಳಿದಳು. ಕೆಂಪು ರೇಸಿನ ಗಾಡಿಯ ಹಿಂದಿನ ಸೀಟನ್ನು ಗೇಣಿನಿಂದ ಅಳೆದಳು. "ಇದು ಸೀಟೋ, ವೀಳ್ಯದೆಲಿನೋ?" ಏರಲೂ ಇಲ್ಲ.

ಆಮೇಲೆ ಬೂದು ಗಾಡಿ. ಏರಿದಳು. ಹುಚ್ಚೇಶನನ್ನು ಮುಂದೆ ಕೂಡಿಸಿದಳು. ಹಿಂದಿನ ಹಿಡಿಕೆ ಹಿಡಿದಳು, ಬಿಟ್ಟಳು, ಅತ್ತಿತ್ತ ವಾಲಿ ನೋಡಿದಳು. ಪೆಟ್ಟಿಗೆ ಈಗ ಕಾಲಿನ ಹಿಂದೆ ಸುಮ್ಮನೆ ನಿಂತಿತ್ತು. "ಗಂಟ ಹಿಡೀತೈತೇನು ನೋಡೋ ಶಂಭು" ಎಂದಳು. ಶಂಭು ಗಂಟಿನ ಸೀರೆಗಳನ್ನು ಎರಡೂ ಪೆಟ್ಟಿಗೆಗೆ ಇಳಿಸಿ ಮುಚ್ಚಳ ಒತ್ತಿದ. ಬೀಗ ಕಟಕ್ಕೆಂದು ಬಿತ್ತು.

ನಾಗರತ್ನಾ ಎಲ್ಲರನ್ನೂ ಕಾಯಿಸಿದಳು. ಬೇಕೆಂತಲೇ ಕಾಯಿಸಿದಳೆಂದು ಸುಮಾಳ ಗುಮಾನಿ.

"ಇದ ಇರಲಿ."

ಸುಮಾ ಕುಣಿದೇಬಿಟ್ಟಳು. ಅಫ್ಸರ, "ಆಂಟಿ, ಭಾಳ ಒರಸೇನ್ರಿ, ಆದ್ರೂ ಈ ಸಂದ್ಯಾಗಿಂದು ಹೋಗವಲ್ದು" ಎಂದು ಗಾಜಿನ ಬುಡ ತೋರಿಸಿದ. ಅಲ್ಲಿ ರಬ್ಬರಿನ ಸಂದಿಯಲ್ಲಿ ಕುಂಕುಮದ ಕೆಂಪು ಗೆರೆ ಉಳಿದಿತ್ತು. ರತ್ನವ್ವ ಬಗ್ಗಿ ನೋಡಿ ತೃಪ್ತಿಯಿಂದ ಎಲೆಯಡಿಕೆ ಬಾಯಿಗಿಟ್ಟಳು. "ಪೂಜಿ ಆದದ್ದ ಐತಿ. ಮತ್ತೇನೂ ಬೇಕಾಗಿಲ್ಲ. ನೀವು ಹಿಂಗ ಬಾದಾಮಿಗೆ ಹೋಗ್ರಿ, ನಾವು ಬಸ್ಸಿಗೆ ಹೋಗ್ತೇವಿ."

ಶಂಭು ಚೀಲ ತೆರೆದ. ಹೊಸ ಹೆಲ್ಮೆಟ್. ಅವ್ವನ ತಲೆಗೆ ಇಟ್ಟರೆ ತುರುಬು ತಡೆಯಿತು. ಸುಮಾ ಅಲ್ಲೇ ತುರುಬು ಬಿಚ್ಚಿ ಜಡೆ ಹೆಣೆದಳು. ಶಂಭು ಪಟ್ಟಿ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮತ್ತೊಮ್ಮೆ ಎಳೆದು ನೋಡಿದ. "ಅಪ್ಪಾ, ಸಾವಕಾಶ ಹೋಗು. ಹಿಂದ ಗಂಟಲ್ಲ, ನಮ್ಮವ್ವ ಅದಾಳ."

ಬಾದಾಮಿಯ ದಾರಿಯಲ್ಲಿ ಹುಚ್ಚೇಶ ಸಾವಕಾಶವಾಗಿಯೇ ಹೊರಟ. ಜೋಳದ ಹೊಲಗಳ ನಡುವೆ ರಸ್ತೆ ನೆಟ್ಟಗೆ ಬಿದ್ದಿತ್ತು. ಸ್ವಲ್ಪ ದೂರ ಹೋಗುವುದರಲ್ಲಿ ಬೆನ್ನಿಗೆ ಒಂದು ಗುದ್ದು ಬಿತ್ತು.

"ಹೆದರಿಕಿ ಆತೇನು?" ಎಂದು ಕೂಗಿದ.

"ಜೋರ ಬಿಡ್ರಿ! ಬಸ್ಸ ಮುಂದ ಹೊಂಟೈತಿ!"

ಹುಚ್ಚೇಶ ಬಿಟ್ಟ. ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಮುಖಗಳು ಹೊರಬಂದವು. ನಾಗರತ್ನಾ ಅವರೆಲ್ಲರಿಗೂ ಕೈ ಬೀಸಿದಳು. ಅವಳ ನಗು ಹೆಲ್ಮೆಟ್ ದಾಟಿ ಅವನ ಕಿವಿಗೆ ಬಂತು. ಮೂವತ್ತು ವರ್ಷದಲ್ಲಿ ಇಷ್ಟು ದೊಡ್ಡದಾಗಿ ನಕ್ಕದ್ದನ್ನು ಕೇಳಿರಲಿಲ್ಲ. ಬಾದಾಮಿಯ ಕೆಂಪು ಬಂಡೆಗಳು ಕಂಡಾಗ ಅವಳು ಅವನ ಭುಜ ಒತ್ತಿದಳು. ಹುಚ್ಚೇಶ ಗಾಡಿ ನಿಧಾನ ಮಾಡಿದ, ಅವಳು ಕಣ್ತುಂಬ ನೋಡಲೆಂದು.

ಬಾದಾಮಿಯಲ್ಲಿ ಅವರ ಸೀರೆ ಮಾರುವ ಅಂಗಡಿ ತಸ್ಲೀಮಾಳದು. ಗಾಡಿ ನಿಂತ ಸಪ್ಪಳಕ್ಕೆ ಹೊರಗೆ ಬಂದ ತಸ್ಲೀಮಾ, ಇಳಿದ ಹೆಂಗಸನ್ನು ಕಂಡು ಕಣ್ಣರಳಿಸಿದಳು. ಅಂಗಡಿಯಲ್ಲಿದ್ದ ಗಿರಾಕಿಗಳೂ ಬಾಗಿಲಿಗೆ ಬಂದರು.

"ಹುಚ್ಚೇಶಣ್ಣಾ, ಇವರು?"

"ನಾಗರತ್ನಾ. ನೀವು ಮಾರ್ತೀರಲ್ಲ, ಎಲ್ಲಾ ಇವಳ ಕೈಯಾಂದು."

"ಇಷ್ಟು ವರ್ಷ ಬರೇ ಹೆಸರ ಕೇಳೇನ್ರಿ! ಬರ್ರಿ, ಒಳಗ ಬರ್ರಿ." ತಸ್ಲೀಮಾ ನೀಲಿ ಸೀರೆಯ ಸೆರಗನ್ನು ಬೆರಳಿಗೆ ತೆಗೆದುಕೊಂಡಳು. "ಒಂಬತ್ತು ವಾರೀದು! ಇದನ್ನ ಕೇಳ್ಕೊಂತ ಮಂದಿ ಬರ್ತಾರ, ನನ್ನ ಹತ್ರ ಇಲ್ಲ. ಇದು ಎಷ್ಟಕ್ಕ ಕೊಡ್ತೀರಿ ಅಣ್ಣಾ?"

ಹುಚ್ಚೇಶ ರೂಢಿಯಂತೆ ಬೆಲೆ ಹೇಳಲು ಬಾಯಿ ತೆರೆದ. ನಾಗರತ್ನಾ ಅವನ ಮೊಳಕೈ ಹಿಡಿದು ಹಿಂದೆ ಸರಿಸಿದಳು.

"ಇದು ಮಾರೂದಲ್ಲರಿ ತಸ್ಲೀಮಾ ಅಕ್ಕಾರ, ನಂದು. ನಿಮಗ ಬೇಕಂದ್ರ ಬಣ್ಣ ಹೇಳ್ರಿ, ನೇಯ್ತೇನಿ." ಹೆಲ್ಮೆಟ್ಟನ್ನು ಕಂಕುಳಲ್ಲಿ ಸರಿಮಾಡಿಕೊಂಡು ಅವಳು ಹೊರಗೆ ನಿಂತ ಗಾಡಿಯತ್ತ ಒಮ್ಮೆ ನೋಡಿದಳು. "ಮುಂದಿನ ತಿಂಗಳ ನಾನ ತಂದು ಕೊಡ್ತೇನಿ."